ಮಗುವಿನ ಅಳತೆಗೆ ತಕ್ಕ ಕಿರಣ



ನಾನು ಮಕ್ಕಳ ವೈದ್ಯ. ಇಂದು ಹೇಳಬೇಕೆಂದಿರುವುದು ಮಕ್ಕಳಿಗೆ ಮಾಡಿಸುವ ಎಕ್ಸ್‌ರೇ ಮತ್ತು ಸಿಟಿ ಸ್ಕ್ಯಾನ್‌ಗಳಲ್ಲಿ ಅವರ ಮೈಗೆ ಹೋಗುವ ವಿಕಿರಣವನ್ನು ಕಡಿಮೆ ಮಾಡುವುದು ಹೇಗೆ ಎಂಬುದನ್ನು.

ಮಾತಿನ ಸಾರವನ್ನು ಮೊದಲೇ ಹೇಳಿಬಿಡುತ್ತೇನೆ. ಮಗುವಿಗೆ ಬೇಕಾದ ಎಕ್ಸ್‌ರೇ, ಬೇಕಾದ ಸಿಟಿ ಸ್ಕ್ಯಾನ್ ಆಗಲೇಬೇಕು; ಹೆದರಿ ಬಿಟ್ಟರೆ ಜೀವಕ್ಕೆ ಕುತ್ತು. ಆದರೆ ಅದು ಸ್ಪಷ್ಟವಾದ ಒಂದು ಪ್ರಶ್ನೆಗೆ ಉತ್ತರ ಹುಡುಕುವುದಕ್ಕೇ ಆಗಬೇಕು. ಮಗುವಿನ ಮೈಯಳತೆಗೆ ಹೊಂದಿಸಿದ ಕಿರಣದಿಂದ ಆಗಬೇಕು. ಒಮ್ಮೆ ತೆಗೆದ ಚಿತ್ರ ಮಗುವಿನ ಜೊತೆಗೇ ಊರಿಂದೂರಿಗೆ ಹೋಗಬೇಕು. ಈ ಮೂರಕ್ಕೂ ಕೋಟಿ ರೂಪಾಯಿಯ ಹೊಸ ಯಂತ್ರ ಬೇಡ. ನಮ್ಮ ಬಳ್ಳಾರಿಯಲ್ಲಿ, ಸಿರುಗುಪ್ಪದಲ್ಲಿ, ಕುರುಗೋಡಿನಲ್ಲಿ ಇವತ್ತು ಇರುವ ಜನ, ಇರುವ ಯಂತ್ರಗಳಿಂದಲೇ ಇದು ಸಾಧ್ಯ.

ಕಿರಣ ಬಂದ ದಾರಿ

ಜರ್ಮನಿಯ ವುರ್ಟ್ಸ್‌ಬರ್ಗ್‌ನಲ್ಲಿ ವಿಲ್ಹೆಲ್ಮ್ ರಾಂಟ್‌ಜನ್ ಈ ಕಿರಣವನ್ನು ಕಂಡದ್ದು 1895ರ ನವೆಂಬರ್ 8ರಂದು. ಅದೇ ಡಿಸೆಂಬರಿನಲ್ಲಿ ತಮ್ಮ ಪತ್ನಿಯ ಕೈಯ ಮೂಳೆಗಳ ಚಿತ್ರ ತೆಗೆದರು. ಮುಂದಿನ ಕೆಲವೇ ವರ್ಷಗಳಲ್ಲಿ ಜಗತ್ತಿನ ಆಸ್ಪತ್ರೆಗಳಿಗೆಲ್ಲ ಕಿರಣ ತಲುಪಿತು. ಅದರ ಏಟೂ ಬೇಗನೆ ಕಾಣಿಸಿತು. ಥಾಮಸ್ ಎಡಿಸನ್ ಅವರ ಬಳಿ ಎಕ್ಸ್‌ರೇ ಕೊಳವೆಗಳ ಮೇಲೆ ಕೆಲಸ ಮಾಡುತ್ತಿದ್ದ ಕ್ಲಾರೆನ್ಸ್ ಡಾಲಿ 1904ರಲ್ಲಿ ಕೈಗಳ ಕ್ಯಾನ್ಸರಿನಿಂದ ನರಳಿ ತೀರಿಕೊಂಡರು.

ಇನ್ನು ನಮ್ಮ ಸೀಮೆಯ ಮಾತು. ಬಳ್ಳಾರಿ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿದ್ದು 1953ರ ಅಕ್ಟೋಬರ್ 1ರಂದು. ಅಲ್ಲಿಯವರೆಗೆ ನಾವು ಮದ್ರಾಸಿನವರು. ಮದ್ರಾಸಿನಲ್ಲಿ 1934ರಲ್ಲಿ ತೆರೆದ ಬಾರ್ನಾರ್ಡ್ ರೇಡಿಯಾಲಜಿ ಸಂಸ್ಥೆ ದಕ್ಷಿಣ ಭಾರತದಲ್ಲಿ ಈ ವಿದ್ಯೆಯ ದೊಡ್ಡ ಶಾಲೆಯಾಯಿತು. ಬಳ್ಳಾರಿಯಲ್ಲಿ ಸರಕಾರಿ ವೈದ್ಯಕೀಯ ಕಾಲೇಜು ಆರಂಭವಾದದ್ದು 1961ರಲ್ಲಿ. ವಿಮ್ಸ್ ಎಂದು ಜನರ ನಾಲಿಗೆಯಲ್ಲಿ ನಿಂತದ್ದು ಅದೇ. ನಮ್ಮ ವೆಲ್ಲೆಸ್ಲಿ ಕ್ಷಯರೋಗ ಆಸ್ಪತ್ರೆಯ ಹೆಸರನ್ನೂ ಇಲ್ಲಿಯ ಹಿರಿಯರು ಬಲ್ಲರು. ಕ್ಷಯ ಇರುವಲ್ಲಿ ಎದೆಯ ಎಕ್ಸ್‌ರೇ ಇದ್ದೇ ಇರುತ್ತದೆ. ಮನೆಯಲ್ಲಿ ಒಬ್ಬರಿಗೆ ಕ್ಷಯ ಬಂದಿದೆ ಎಂದರೆ ಅವರ ಮಗ್ಗುಲಲ್ಲಿ ಮಲಗುವ ಮಗುವನ್ನು ಪರೀಕ್ಷಿಸುವಾಗ ಎದೆಯ ಚಿತ್ರ ಎಷ್ಟು ಉಪಕಾರಿ ಎಂಬುದನ್ನು ನಾವು ದಿನವೂ ನೋಡುತ್ತೇವೆ.

ಕ್ಷಯರೋಗದ ಚರಿತ್ರೆಯಲ್ಲಿಯೇ ಒಂದು ಪಾಠವೂ ಇದೆ. ಮಾತ್ರೆಗಳು ಬರುವ ಮೊದಲು ಕೆಟ್ಟ ಶ್ವಾಸಕೋಶವನ್ನು ಗಾಳಿ ತುಂಬಿ ಕುಗ್ಗಿಸಿ ಇಡುತ್ತಿದ್ದರು. ಅದು ಸರಿಯಾಗಿ ಕುಗ್ಗಿದೆಯೇ ಎಂದು ಎಕ್ಸ್‌ರೇ ಪರದೆಯ ಮುಂದೆ ರೋಗಿಯನ್ನು ಮತ್ತೆ ಮತ್ತೆ ನಿಲ್ಲಿಸುತ್ತಿದ್ದರು. ಕೆನಡಾದ ಕ್ಷಯ ಆಸ್ಪತ್ರೆಗಳಲ್ಲಿ 1930ರಿಂದ 1952ರ ನಡುವೆ ಚಿಕಿತ್ಸೆ ಪಡೆದ 31,710 ಮಹಿಳೆಯರ ದಾಖಲೆಗಳನ್ನು ಸಂಶೋಧಕರು ಪರಿಶೀಲಿಸಿ 1989ರಲ್ಲಿ ಪ್ರಕಟಿಸಿದರು. ಎದೆಗೆ ಹೆಚ್ಚು ಕಿರಣ ಬಿದ್ದವರಲ್ಲಿ ಸ್ತನ ಕ್ಯಾನ್ಸರಿನ ಸಾವು ಹೆಚ್ಚಾಗಿತ್ತು. ಹತ್ತರಿಂದ ಹದಿನಾಲ್ಕರ ವಯಸ್ಸಿನಲ್ಲಿ ಕಿರಣ ಬಿದ್ದಿದ್ದವರಲ್ಲಿ ಅಪಾಯ ಎಲ್ಲರಿಗಿಂತ ಹೆಚ್ಚು. ಒಂದು ಸಲದ ಚಿತ್ರ ಇವರಿಗೆ ಕೇಡು ತರಲಿಲ್ಲ. ಎಳೆಯ ವಯಸ್ಸಿನಲ್ಲಿ ಮತ್ತೆ ಮತ್ತೆ ಬಿದ್ದದ್ದು ಕೇಡು ತಂದಿತು. ಅದಕ್ಕೂ ಮೊದಲು, 1956ರಲ್ಲಿ, ಇಂಗ್ಲೆಂಡಿನ ಡಾ. ಆಲಿಸ್ ಸ್ಟೀವರ್ಟ್ ಗರ್ಭಿಣಿಯರ ಹೊಟ್ಟೆಗೆ ತೆಗೆದ ಎಕ್ಸ್‌ರೇಗೂ ಮಕ್ಕಳ ಕ್ಯಾನ್ಸರಿಗೂ ನಂಟಿದೆ ಎಂದು ತೋರಿಸಿದ್ದರು. ಅವರ ಮಾತನ್ನು ಒಪ್ಪಲು ವೈದ್ಯಲೋಕ ಬಹಳ ವರ್ಷ ತೆಗೆದುಕೊಂಡಿತು.

ಎಷ್ಟು ಕಿರಣ, ಎಷ್ಟು ಅಪಾಯ

ವಿಕಿರಣ ನಮಗೆ ಹೊಸದಲ್ಲ. ನೆಲದಿಂದ, ಆಕಾಶದಿಂದ, ಉಣ್ಣುವ ಅನ್ನದಿಂದ, ಬಳ್ಳಾರಿ ಗುಡ್ಡದಂಥ ಗ್ರಾನೈಟ್ ಬಂಡೆಗಳಿಂದ ಸ್ವಲ್ಪ ಸ್ವಲ್ಪ ಬರುತ್ತಲೇ ಇರುತ್ತದೆ. ಜಗತ್ತಿನ ಸರಾಸರಿ ಲೆಕ್ಕದಲ್ಲಿ ಒಬ್ಬರಿಗೆ ವರ್ಷಕ್ಕೆ 2.4 ಮಿಲಿಸೀವರ್ಟ್; ಮೈಗೆ ಬೀಳುವ ವಿಕಿರಣವನ್ನು ಅಳೆಯುವ ಮಾನ ಅದು. ದೊಡ್ಡವರ ಎದೆಯ ಒಂದು ಎಕ್ಸ್‌ರೇಯಲ್ಲಿ ಸುಮಾರು 0.02 ಮಿಲಿಸೀವರ್ಟ್, ಅಂದರೆ ಮೂರು ದಿನ ಸುಮ್ಮನೆ ಬದುಕಿದ್ದಕ್ಕೆ ಬರುವಷ್ಟು. ತಲೆಯ ಸಿಟಿ ಸ್ಕ್ಯಾನಿನಲ್ಲಿ ಸುಮಾರು 2 ಮಿಲಿಸೀವರ್ಟ್. ಅದು ನೂರು ಎದೆಯ ಎಕ್ಸ್‌ರೇಗಳಿಗೆ ಸಮ. ಹೊಟ್ಟೆಯ ಸಿಟಿಯಲ್ಲಿ ಎಂಟರ ಆಸುಪಾಸು, ಅಂದರೆ ಮೂರು ವರ್ಷಕ್ಕೂ ಮಿಕ್ಕಿದ ನೈಸರ್ಗಿಕ ವಿಕಿರಣ ಕೆಲವು ಸೆಕೆಂಡುಗಳಲ್ಲಿ. ಅಲ್ಟ್ರಾಸೌಂಡ್ ಮತ್ತು ಎಂಆರ್‌ಐ ಈ ಲೆಕ್ಕಕ್ಕೆ ಸೇರುವುದಿಲ್ಲ. ಮೊದಲನೆಯದು ಶಬ್ದದ ಅಲೆಯಿಂದ, ಎರಡನೆಯದು ಅಯಸ್ಕಾಂತ ಮತ್ತು ರೇಡಿಯೊ ಅಲೆಗಳಿಂದ ಕೆಲಸ ಮಾಡುತ್ತದೆ.

ಮಕ್ಕಳ ವಿಷಯದಲ್ಲಿ ಹೆಚ್ಚು ಎಚ್ಚರ ಬೇಕಾದದ್ದಕ್ಕೆ ಕಾರಣಗಳಿವೆ. ಅವರ ಜೀವಕೋಶಗಳು ಬೇಗ ಬೇಗ ಒಡೆದು ಬೆಳೆಯುತ್ತಿರುತ್ತವೆ. ಆಗ ಬಿದ್ದ ಪೆಟ್ಟು ಉಳಿಯುವ ಸಂಭವ ಹೆಚ್ಚು. ಮುಂದೆ ಅವರಿಗೆ ಅರವತ್ತು ಎಪ್ಪತ್ತು ವರ್ಷದ ಬದುಕಿದೆ. ನಿಧಾನವಾಗಿ ಬರುವ ಕ್ಯಾನ್ಸರಿಗೆ ಅಷ್ಟು ಕಾಲಾವಕಾಶ ಸಿಗುತ್ತದೆ. ಮೈ ಚಿಕ್ಕದು, ಒಂದೇ ಕಿರಣ ಹಲವು ಅಂಗಗಳನ್ನು ಮುಟ್ಟುತ್ತದೆ. ವಿಶ್ವಸಂಸ್ಥೆಯ ವಿಕಿರಣ ಸಮಿತಿ 2013ರ ವರದಿಯಲ್ಲಿ ಇದನ್ನು ಅಳೆದು ತೂಗಿ ಹೇಳಿದೆ. ಸುಮಾರು ಕಾಲು ಭಾಗ ಬಗೆಯ ಕ್ಯಾನ್ಸರುಗಳಲ್ಲಿ ಮಕ್ಕಳು ದೊಡ್ಡವರಿಗಿಂತ ಸ್ಪಷ್ಟವಾಗಿ ಸೂಕ್ಷ್ಮ. ರಕ್ತದ ಕ್ಯಾನ್ಸರ್, ಥೈರಾಯ್ಡ್, ಮೆದುಳು, ಸ್ತನ, ಚರ್ಮ ಅವುಗಳಲ್ಲಿ ಸೇರಿವೆ.

ಸಿಟಿ ಸ್ಕ್ಯಾನಿನ ಬಗ್ಗೆ ಬಹುಕಾಲ ಲೆಕ್ಕಾಚಾರಗಳಷ್ಟೇ ಇದ್ದವು. 2012ರಲ್ಲಿ ಬ್ರಿಟನ್ನಿನಿಂದ, 2013ರಲ್ಲಿ ಆಸ್ಟ್ರೇಲಿಯದಿಂದ ದೊಡ್ಡ ಅಧ್ಯಯನಗಳು ಬಂದವು. 2023ರಲ್ಲಿ ಯುರೋಪಿನ ಒಂಬತ್ತು ದೇಶಗಳ 9,48,174 ಮಕ್ಕಳು ಮತ್ತು ಹರೆಯದವರನ್ನು ಅನುಸರಿಸಿದ ಅಧ್ಯಯನ ಪ್ರಕಟವಾಯಿತು. ಅದರ ಪ್ರಕಾರ ಇಂದಿನ ಸಾಮಾನ್ಯ ಪ್ರಮಾಣದಲ್ಲಿ 10,000 ಮಕ್ಕಳಿಗೆ ಸಿಟಿ ಮಾಡಿದರೆ ಮುಂದಿನ 12 ವರ್ಷಗಳಲ್ಲಿ ಒಬ್ಬರು ಅಥವಾ ಇಬ್ಬರಲ್ಲಿ ಆ ಕಿರಣದ ಕಾರಣಕ್ಕೆ ರಕ್ತದ ಕ್ಯಾನ್ಸರ್ ಬರಬಹುದು.

ಈ ಸಂಖ್ಯೆಯನ್ನು ಎರಡೂ ಕಡೆಯಿಂದ ನೋಡಿ. ನಿಮ್ಮ ಮಗುವಿನ ಮೆದುಳಿನಲ್ಲಿ ರಕ್ತ ಹೆಪ್ಪುಗಟ್ಟಿರಬಹುದು ಎಂಬ ಅನುಮಾನವಿದ್ದರೆ ಹತ್ತು ಸಾವಿರದಲ್ಲಿ ಒಂದೋ ಎರಡೋ ಎಂಬ ಅಪಾಯವನ್ನು ಲೆಕ್ಕಕ್ಕೇ ಹಿಡಿಯಬಾರದು. ಕೂಡಲೇ ಸ್ಕ್ಯಾನ್ ಆಗಬೇಕು. ಆದರೆ ಬೇಡದ ಸ್ಕ್ಯಾನಿನಿಂದ ಮಗುವಿಗೆ ಬರುವ ಲಾಭ ಸೊನ್ನೆ. ಸೊನ್ನೆ ಲಾಭಕ್ಕೆ ಚಿಕ್ಕ ಅಪಾಯವೂ ದುಬಾರಿ.

ಬೇಕೇ, ಬೇಡವೇ

ಮೊದಲು ತಲೆಯ ಪೆಟ್ಟು. ನಮ್ಮ ಸೀಮೆಯ ಬೇಸಿಗೆ ನಿಮಗೆ ಗೊತ್ತು. ಸೆಕೆ ತಾಳಲಾರದೆ ಮನೆಮಂದಿಯೆಲ್ಲ ಮಾಳಿಗೆ ಮೇಲೆ ಮಲಗುತ್ತೇವೆ. ಎಷ್ಟೋ ಮಾಳಿಗೆಗಳಿಗೆ ಸುತ್ತುಗೋಡೆ ಇರುವುದಿಲ್ಲ. ಮಕ್ಕಳು ಬೀಳುತ್ತಾರೆ. ಅದರ ಜೊತೆಗೆ ಮಂಚದಿಂದ, ಮೆಟ್ಟಿಲಿನಿಂದ, ಆಟದಲ್ಲಿ ಬೀಳುವ ಮಕ್ಕಳು ಲೆಕ್ಕವಿಲ್ಲದಷ್ಟು. ಇವರಲ್ಲಿ ಯಾರಿಗೆ ಸ್ಕ್ಯಾನ್ ಬೇಕು?

2009ರಲ್ಲಿ ಅಮೆರಿಕದ ಕುಪ್ಪರ್‌ಮನ್ ಮತ್ತು ಅವರ ಸಂಗಡಿಗರು 25 ಆಸ್ಪತ್ರೆಗಳ ತುರ್ತು ವಿಭಾಗಗಳಿಗೆ ತಲೆಗೆ ಪೆಟ್ಟು ಬಿದ್ದು ಬಂದ 42,412 ಮಕ್ಕಳ ಅಧ್ಯಯನವನ್ನು ಪ್ರಕಟಿಸಿದರು. ಮೂರನೇ ಒಂದಕ್ಕಿಂತ ಹೆಚ್ಚು ಮಕ್ಕಳಿಗೆ ಸಿಟಿ ಆಗಿತ್ತು. ಗಂಭೀರ ಪೆಟ್ಟು ಇದ್ದದ್ದು 376 ಮಕ್ಕಳಲ್ಲಿ, ಶಸ್ತ್ರಚಿಕಿತ್ಸೆ ಬೇಕಾದದ್ದು 60 ಮಕ್ಕಳಿಗೆ. ಇದರಿಂದ ಅವರು ಹಾಸಿಗೆಯ ಪಕ್ಕದಲ್ಲೇ ಕೇಳಬಹುದಾದ ಕೆಲವು ಪ್ರಶ್ನೆಗಳನ್ನು ಕೊಟ್ಟರು. ಮಗು ಎಚ್ಚರವಾಗಿದೆಯೇ, ಎಂದಿನಂತೆ ಇದೆಯೇ? ಪ್ರಜ್ಞೆ ತಪ್ಪಿತ್ತೇ? ವಾಂತಿ ಆಯಿತೇ? ತಲೆನೋವು ಜೋರಾಗಿದೆಯೇ? ತಲೆಬುರುಡೆ ಒಡೆದ ಗುರುತು ಇದೆಯೇ? ಎರಡು ವರ್ಷದೊಳಗಿನ ಕೂಸಿಗೆ ಹಣೆ ಬಿಟ್ಟು ಬೇರೆ ಕಡೆ ಬುಗುಟು ಎದ್ದಿದೆಯೇ? ಎಷ್ಟು ಎತ್ತರದಿಂದ ಬಿತ್ತು? ಎಂದಿನಂತೆ ಎಚ್ಚರವಾಗಿದ್ದು, ಉಳಿದ ಯಾವ ಗುರುತೂ ಇಲ್ಲದ ಮಗುವಿನಲ್ಲಿ ಗಂಭೀರ ಪೆಟ್ಟಿನ ಸಂಭವ 2,000ಕ್ಕೆ ಒಂದಕ್ಕಿಂತ ಕಡಿಮೆ. ಅದಕ್ಕೆ ಸ್ಕ್ಯಾನ್ ಬೇಡ. ಒಂದೆರಡು ಸಣ್ಣ ಗುರುತುಗಳಿದ್ದು ಅನುಮಾನವಿದ್ದರೆ ನಾಲ್ಕಾರು ಗಂಟೆ ಆಸ್ಪತ್ರೆಯಲ್ಲೇ ಇಟ್ಟುಕೊಂಡು ನೋಡಬಹುದು.

ಇಲ್ಲಿ ನಮ್ಮ ಮಾಳಿಗೆಯ ಮಾತು ಬೇರೆ. ಆ ಅಧ್ಯಯನದಲ್ಲಿ ಎರಡು ವರ್ಷ ದಾಟಿದವರಿಗೆ ಐದು ಅಡಿ, ಅದಕ್ಕಿಂತ ಚಿಕ್ಕವರಿಗೆ ಮೂರು ಅಡಿ ದಾಟಿದ ಬೀಳುವಿಕೆಯೇ ಗಂಭೀರ. ಮಾಳಿಗೆ ಹತ್ತು ಅಡಿಯದು. ಆದ್ದರಿಂದ ಮಾಳಿಗೆಯಿಂದ ಬಿದ್ದ ಮಗುವನ್ನು ಮನೆಯಲ್ಲಿ ಇಟ್ಟುಕೊಳ್ಳಬೇಡಿ, ಆಡುತ್ತಿದ್ದರೂ ಆಸ್ಪತ್ರೆಗೆ ಕರೆತನ್ನಿ. ವೈದ್ಯರು ಸ್ಕ್ಯಾನ್ ಬೇಕೆಂದರೆ ಮಾಡಿಸಿ. ಮಾಳಿಗೆಗೆ ಮೂರು ಅಡಿ ಸುತ್ತುಗೋಡೆ ಕಟ್ಟಿಸುವುದು ಮಕ್ಕಳ ವಿಕಿರಣ ಕಡಿಮೆ ಮಾಡುವ ಕೆಲಸವೇ ಎಂದು ನಾನು ನಂಬಿದ್ದೇನೆ.

ಎರಡನೆಯದು ಕೆಮ್ಮು, ಉಸಿರಾಟ. ನ್ಯುಮೋನಿಯಾ ಗುರುತಿಸಲು ವಿಶ್ವ ಆರೋಗ್ಯ ಸಂಸ್ಥೆ ಕೊಟ್ಟಿರುವ ಸಾಧನ ಗಡಿಯಾರ. ಎರಡು ತಿಂಗಳಿಂದ ಒಂದು ವರ್ಷದವರೆಗೆ ನಿಮಿಷಕ್ಕೆ 50, ಒಂದರಿಂದ ಐದು ವರ್ಷದವರೆಗೆ 40 ಅಥವಾ ಅದಕ್ಕಿಂತ ಹೆಚ್ಚು ಉಸಿರು ಇದ್ದರೆ ಅದು ಬಿರುಸಿನ ಉಸಿರಾಟ. ಅಂಗಿ ಎತ್ತಿ, ಮಗು ಅಳದೆ ಇರುವಾಗ, ಪೂರ್ತಿ ಒಂದು ನಿಮಿಷ ಎಣಿಸುವ ಆಶಾ ಕಾರ್ಯಕರ್ತೆ ಎಷ್ಟೋ ಎಕ್ಸ್‌ರೇಗಳನ್ನು ತಪ್ಪಿಸುತ್ತಾಳೆ. ಎದೆಗೂಡು ಒಳಕ್ಕೆ ಸೆಳೆಯುತ್ತಿದ್ದರೆ, ಔಷಧಕ್ಕೆ ಜಗ್ಗದಿದ್ದರೆ, ಕ್ಷಯದ ಅನುಮಾನವಿದ್ದರೆ ಎಕ್ಸ್‌ರೇ ತೆಗೆಯಲೇಬೇಕು. ಸಾಮಾನ್ಯ ನೆಗಡಿ ಕೆಮ್ಮಿಗೆ ಬೇಡ.

ಮೂರನೆಯದು ಪಿಟ್ಸ್. ಜ್ವರ ಏರಿದಾಗ ಕೆಲವು ನಿಮಿಷ ಪಿಟ್ಸ್ ಬಂದು, ಆಮೇಲೆ ಮಗು ಮೊದಲಿನಂತಾದರೆ ಅಂಥ ಸರಳ ಪಿಟ್ಸ್‌ಗೆ ತಲೆಯ ಸ್ಕ್ಯಾನ್ ಬೇಕಾಗಿಲ್ಲ. ಜ್ವರವಿಲ್ಲದೆ, ಮೈಯ ಒಂದೇ ಕಡೆ ಬರುವ ಪಿಟ್ಸ್ ಬೇರೆ. ನಮ್ಮ ದೇಶದಲ್ಲಿ ಲಾಡಿಹುಳುವಿನ ಮೊಟ್ಟೆಯಿಂದ ಮೆದುಳಿನಲ್ಲಿ ಗಂಟಾಗುವುದು, ಕ್ಷಯದ ಗಂಟಾಗುವುದು ಅಪರೂಪವಲ್ಲ. ಅಲ್ಲಿ ಚಿತ್ರ ಬೇಕು. ಸಿಗುವಂತಿದ್ದರೆ ಎಂಆರ್‌ಐ ಮೇಲು. ಗಂಟು ಕರಗಿತೇ ಎಂದು ನೋಡಲು ಮತ್ತೆ ಮತ್ತೆ ಸಿಟಿ ಮಾಡುವುದನ್ನು ಮಾತ್ರ ತಡೆಯಬೇಕು. ಯಾವಾಗ, ಎಷ್ಟು ಸಲ ಎಂಬುದನ್ನು ಮೊದಲ ದಿನವೇ ನಿಶ್ಚಯಿಸಿಕೊಂಡರೆ ಅರ್ಧ ಕೆಲಸ ಆದಂತೆ.

ಇನ್ನು ಹೊಟ್ಟೆನೋವು. ಅಪೆಂಡಿಕ್ಸ್, ಕರುಳಿನೊಳಗೆ ಕರುಳು ಸೇರುವುದು, ಮೂತ್ರಪಿಂಡದ ಊತ ಇವನ್ನೆಲ್ಲ ಮಕ್ಕಳಲ್ಲಿ ಮೊದಲು ಅಲ್ಟ್ರಾಸೌಂಡ್‌ನಿಂದ ನೋಡಬೇಕು. ಮಕ್ಕಳ ಮೈಯಲ್ಲಿ ಕೊಬ್ಬು ಕಡಿಮೆ ಇರುವುದರಿಂದ ಚಿತ್ರವೂ ಚೆನ್ನಾಗಿ ಬರುತ್ತದೆ. ನೆತ್ತಿ ಮುಚ್ಚದ ಕೂಸಿನ ಮೆದುಳನ್ನೂ ನೆತ್ತಿಯ ಮೂಲಕ ಅಲ್ಟ್ರಾಸೌಂಡ್‌ನಿಂದ ನೋಡಬಹುದು. ನೋಡುವ ಕೈಗೆ ಅಭ್ಯಾಸ ಇರಬೇಕು ಅಷ್ಟೆ. ತಾಲ್ಲೂಕು ಆಸ್ಪತ್ರೆಗಳಿಗೆ ರೇಡಿಯಾಲಜಿಸ್ಟ್ ಬೇಕು ಎಂಬ ನಮ್ಮ ಬೇಡಿಕೆಗೆ ಇದಕ್ಕಿಂತ ಬಲವಾದ ಕಾರಣ ಬೇಡ.

ಎಕ್ಸ್‌ರೇ ಕೋಣೆಯೊಳಗೆ

ತೆಗೆಯಬೇಕೆಂದು ನಿಶ್ಚಯವಾದ ಮೇಲೆ ಮಾತು ತಂತ್ರಜ್ಞರ ಕೈಗೆ ಬರುತ್ತದೆ. ಸಿರುಗುಪ್ಪದ ರೈತ ನಾಟಿ ಮಾಡಿದ ಗದ್ದೆಗೆ ಬಿಡುವಷ್ಟು ನೀರನ್ನು ಸಸಿಮಡಿಗೆ ಬಿಡುವುದಿಲ್ಲ. ದೊಡ್ಡವರಿಗೆ ಇಟ್ಟ ಸೆಟ್ಟಿಂಗ್‌ನಲ್ಲಿ ಮಗುವನ್ನು ಸ್ಕ್ಯಾನ್ ಮಾಡುವುದೂ ಸಲ್ಲದು. ದಪ್ಪ ಮೈಯನ್ನು ದಾಟಲು ಬೇಕಾದ ಕಿರಣ ಚಿಕ್ಕ ಮೈಯ ಒಳಗೆ ಹೋದಾಗ ಅಂಗಗಳಿಗೆ ಸಿಗುವ ಪ್ರಮಾಣ ದೊಡ್ಡವರಿಗಿಂತಲೂ ಹೆಚ್ಚಾಗುತ್ತದೆ.

2008ರ ಜನವರಿಯಲ್ಲಿ ಅಮೆರಿಕದ ಮಕ್ಕಳ ರೇಡಿಯಾಲಜಿಸ್ಟರು ಇಮೇಜ್ ಜೆಂಟ್ಲಿ ಎಂಬ ಆಂದೋಲನ ಆರಂಭಿಸಿದರು. ಡಾ. ಮೆರಿಲಿನ್ ಗೋಸ್ಕೆ ಅದರ ಮುಂದಾಳು. ಅವರು ಹೇಳಿದ್ದೆಲ್ಲ ನಮ್ಮ ಸಾಧಾರಣ ಸಿಟಿ ಯಂತ್ರದಲ್ಲೂ ಆಗುತ್ತದೆ. ಕೊಳವೆಯ ಮಿಲಿಆಂಪಿಯರ್ ಅರ್ಧ ಮಾಡಿದರೆ ಪ್ರಮಾಣ ಅರ್ಧವಾಗುತ್ತದೆ. ಉಳಿದದ್ದು ಹಾಗೆಯೇ ಇದ್ದು 120 ಕಿಲೋವೋಲ್ಟನ್ನು 80ಕ್ಕೆ ಇಳಿಸಿದರೆ ಸುಮಾರು ಮೂರನೇ ಒಂದಕ್ಕೆ ಇಳಿಯುತ್ತದೆ. ಬಣ್ಣದ ಔಷಧ ಕೊಡುವ ಮೊದಲೊಮ್ಮೆ, ಕೊಟ್ಟ ಮೇಲೊಮ್ಮೆ, ತಡೆದು ಮತ್ತೊಮ್ಮೆ ಎಂದು ಮೂರು ಸಲ ಸ್ಕ್ಯಾನ್ ಮಾಡಿದರೆ ಮೂರು ಪಟ್ಟು. ಮಕ್ಕಳಲ್ಲಿ ಬಹುಪಾಲು ಒಂದೇ ಸಲ ಸಾಕು. ಹೊಟ್ಟೆಯ ಮೇಲ್ಭಾಗ ಕೇಳಿದ್ದರೆ ಎದೆಯಿಂದ ತೊಡೆಯವರೆಗೆ ಓಡಿಸಬೇಕಿಲ್ಲ. ಪ್ರತಿ ಸ್ಕ್ಯಾನಿನ ಕೊನೆಗೆ ಯಂತ್ರವೇ ಪ್ರಮಾಣದ ಅಂಕಿಯನ್ನು ಪರದೆಯ ಮೇಲೆ ತೋರಿಸುತ್ತದೆ. ಅದನ್ನು ವರದಿಯಲ್ಲಿ ಬರೆಯುವ ರೂಢಿ ನಮ್ಮ ಎಲ್ಲ ಸೆಂಟರುಗಳಲ್ಲಿ ಬರಲಿ.

ಎಕ್ಸ್‌ರೇಯಲ್ಲಿ ಇನ್ನೊಂದು ಸೂಕ್ಷ್ಮ ಇದೆ. ಹಳೆಯ ಫಿಲ್ಮಿನ ಕಾಲದಲ್ಲಿ ಕಿರಣ ಹೆಚ್ಚಾದರೆ ಚಿತ್ರ ಕರ್ರಗಾಗುತ್ತಿತ್ತು. ತಪ್ಪು ಅಲ್ಲೇ ತಿಳಿಯುತ್ತಿತ್ತು. ಡಿಜಿಟಲ್ ಯಂತ್ರ ಎಷ್ಟು ಹೆಚ್ಚಾದರೂ ಸರಿಪಡಿಸಿ ಚೆಂದದ ಚಿತ್ರ ಕೊಡುತ್ತದೆ. ಕಡಿಮೆಯಾದರೆ ಮಾತ್ರ ಚಿತ್ರ ಚುಕ್ಕೆಚುಕ್ಕೆಯಾಗಿ ವೈದ್ಯರ ಗದರಿಕೆ ಬರುತ್ತದೆ. ಹೀಗೆ ಯಾರೂ ಗಮನಿಸದೆ ವರ್ಷದಿಂದ ವರ್ಷಕ್ಕೆ ಪ್ರಮಾಣ ಮೇಲೇರುತ್ತದೆ. ಓದಲು ಸಾಕಾಗುವ ಚಿತ್ರ ಬಂದರೆ ವೈದ್ಯರು ಒಪ್ಪಬೇಕು; ಚೆಂದದ ಚಿತ್ರಕ್ಕಾಗಿ ಗದರಬಾರದು.

ಕಿರಣ ಬೀಳುವ ಜಾಗ ತೋರಿಸುವ ಬೆಳಕಿನ ಚೌಕವನ್ನು ಬೇಕಾದ ಜಾಗಕ್ಕಷ್ಟೇ ಕಿರಿದು ಮಾಡುವುದು ಎಲ್ಲಕ್ಕಿಂತ ಅಗ್ಗದ ಉಪಾಯ. ಎದೆ ಕೇಳಿದರೆ ಎದೆ. ಕೂಸಿನ ಗಲ್ಲದಿಂದ ಮಂಡಿಯವರೆಗೆ ಅಲ್ಲ. ತೆಳ್ಳನೆಯ ಕೂಸಿಗೆ ಚದುರಿದ ಕಿರಣ ತಡೆಯುವ ಗ್ರಿಡ್ ಬೇಡ. ಮಗು ಕದಲಿ ಚಿತ್ರ ಕೆಟ್ಟರೆ ಮತ್ತೆ ತೆಗೆಯಬೇಕಾಗುತ್ತದೆ. ಆದ್ದರಿಂದ ತಾಯಿಯ ಹಾಡು, ಬಣ್ಣದ ಆಟಿಕೆ, ಎರಡು ನಿಮಿಷದ ತಾಳ್ಮೆ ಇವೂ ವಿಕಿರಣ ರಕ್ಷಣೆಯೇ. ಮಗುವನ್ನು ಹಿಡಿಯುವವರಿಗೆ ಸೀಸದ ಏಪ್ರನ್ ಕೊಡಬೇಕು, ಗರ್ಭಿಣಿ ಹಿಡಿಯಬಾರದು. ಉಳಿದವರು ದೂರ ನಿಲ್ಲಬೇಕು. ಒಂದು ಮೀಟರಿನಿಂದ ಎರಡು ಮೀಟರಿಗೆ ಸರಿದರೆ ಕಿರಣ ನಾಲ್ಕನೇ ಒಂದಾಗುತ್ತದೆ.

ತಾಯಂದಿರಿಗೆ ಒಂದು ಮಾತು. ಯಂತ್ರ ನಿಂತ ಕ್ಷಣ ಕಿರಣವೂ ನಿಲ್ಲುತ್ತದೆ. ಎಕ್ಸ್‌ರೇ, ಸಿಟಿ ಆದ ಮಗುವಿನ ಮೈಯಲ್ಲಿ ಏನೂ ಉಳಿಯುವುದಿಲ್ಲ. ಎತ್ತಿಕೊಳ್ಳಿ, ಹಾಲು ಕುಡಿಸಿ.

ಊರಿಂದೂರಿಗೆ ಹೋಗುವ ಚಿತ್ರ

ನಮ್ಮ ಜಿಲ್ಲೆಯ ನಿಜವಾದ ತೊಡಕು ಇರುವುದು ಇಲ್ಲಿ. ತೆಕ್ಕಲಕೋಟೆಯ ಕಡೆಯ ಒಂದು ಮಗುವನ್ನು ಊಹಿಸಿಕೊಳ್ಳಿ. ವಾರದಿಂದ ಜ್ವರ, ಕೆಮ್ಮು. ಸಿರುಗುಪ್ಪದಲ್ಲಿ ಒಂದು ಎದೆಯ ಎಕ್ಸ್‌ರೇ. ಎದೆಯಲ್ಲಿ ನೀರು ತುಂಬಿದೆ ಎಂದು ಬಳ್ಳಾರಿಗೆ ಕಳಿಸುತ್ತಾರೆ. ಫಿಲ್ಮ್ ಮನೆಯಲ್ಲೇ ಉಳಿಯಿತು, ಅಥವಾ ಬಿಸಿಲಲ್ಲಿ ನಿಂತ ಗಾಡಿಯಲ್ಲಿ ಕಾದು ಕಪ್ಪಾಯಿತು. ಬಳ್ಳಾರಿಯ ನರ್ಸಿಂಗ್ ಹೋಮಿನಲ್ಲಿ ಇನ್ನೊಂದು ಎಕ್ಸ್‌ರೇ, ಒಂದು ಸಿಟಿ. ದುಡ್ಡು ಮುಗಿದು ಸರಕಾರಿ ಆಸ್ಪತ್ರೆಗೆ ಬರುತ್ತಾರೆ, ಮತ್ತೊಂದು ಎಕ್ಸ್‌ರೇ. ಅಲ್ಲಿಂದ ಬೆಂಗಳೂರಿಗೆ ಹೋದರೆ ಸಿಟಿ ಮತ್ತೆ ಮೊದಲಿನಿಂದ. ರೋಗ ಒಂದೇ, ಪ್ರಶ್ನೆ ಒಂದೇ. ಚಿತ್ರ ಐದು. ಪ್ರತಿ ವೈದ್ಯರೂ ತಮ್ಮ ಮಟ್ಟಿಗೆ ಸರಿಯಾದದ್ದನ್ನೇ ಮಾಡಿದ್ದಾರೆ. ಆದರೂ ಮಗುವಿನ ಮೈಯಲ್ಲಿ ಎಲ್ಲವೂ ಕೂಡಿಕೊಂಡಿವೆ. ಬಳ್ಳಾರಿ, ವಿಜಯನಗರ, ಕೊಪ್ಪಳ, ರಾಯಚೂರು, ಗಡಿಯಾಚೆಯ ಅನಂತಪುರ, ಕರ್ನೂಲುಗಳ ಮಕ್ಕಳೂ ಈ ದಾರಿಯಲ್ಲೇ ಬರುತ್ತಾರೆ.

ಹೀಗೆ ಮತ್ತೆ ಮತ್ತೆ ಚಿತ್ರ ತೆಗೆಯುವುದಕ್ಕೆ ಕಾನೂನಿನಲ್ಲಿ ತಡೆ ಇಲ್ಲ. 1983ರ ನವೆಂಬರ್ 15ರಂದು ಸ್ಥಾಪನೆಯಾದ ಪರಮಾಣು ಶಕ್ತಿ ನಿಯಂತ್ರಣ ಮಂಡಳಿ, ಎಇಆರ್‌ಬಿ, ಪ್ರತಿ ಎಕ್ಸ್‌ರೇ ಯಂತ್ರಕ್ಕೆ ಅನುಮತಿ ಕೊಡುತ್ತದೆ, ಗುಣಮಟ್ಟದ ಪರೀಕ್ಷೆ ಕೇಳುತ್ತದೆ. ಕೋಣೆಯಲ್ಲಿ ದುಡಿಯುವ ತಂತ್ರಜ್ಞರಿಗೆ ಐದು ವರ್ಷಗಳ ಸರಾಸರಿಯಲ್ಲಿ ವರ್ಷಕ್ಕೆ 20 ಮಿಲಿಸೀವರ್ಟ್ ಮಿತಿ. ಯಾವ ವರ್ಷದಲ್ಲೂ 30 ದಾಟಬಾರದು. ಅಳೆಯಲು ಎದೆಯ ಮೇಲೆ ಬ್ಯಾಡ್ಜ್ ಇದೆ. ರೋಗಿಗೆ ಮಾತ್ರ ಮಿತಿ ಇಟ್ಟಿಲ್ಲ. ಅದು ಸರಿಯೂ ಹೌದು. ಜೀವ ಉಳಿಸುವ ಸ್ಕ್ಯಾನನ್ನು ಅಂಕಿಯೊಂದು ತಡೆಯಬಾರದು. ಹಾಗಾಗಿ ಮಗುವಿಗೆ ಬ್ಯಾಡ್ಜೂ ಇಲ್ಲ, ಲೆಕ್ಕ ಇಡುವವರೂ ಇಲ್ಲ. ಬರೆದುಕೊಡುವ ವೈದ್ಯರ ವಿವೇಕ, ಕೈಚೀಲದಲ್ಲಿ ಹಳೆಯ ಚಿತ್ರ ಇಟ್ಟುಕೊಂಡ ತಾಯಿಯ ನೆನಪು ಇವೆರಡೇ ಅದರ ಕಾವಲು. ಆ ಕಾವಲನ್ನು ಗಟ್ಟಿ ಮಾಡುವುದು ನಮ್ಮ ಕೆಲಸ.

ನನ್ನ ಕೋರಿಕೆಗಳನ್ನು ಒಬ್ಬೊಬ್ಬರ ಮುಂದೆಯೂ ಇಡುತ್ತೇನೆ.

ತಾಯಿ ತಂದೆಯರೆ, ಲಸಿಕೆ ಬರೆಯುವ ತಾಯಿ ಕಾರ್ಡಿನ ಜೊತೆ ಒಂದು ಹಾಳೆ ಇಡಿ. ಯಾವ ತಾರೀಖು, ಯಾವ ಆಸ್ಪತ್ರೆ, ಮೈಯ ಯಾವ ಭಾಗ, ಎಕ್ಸ್‌ರೇಯೋ ಸಿಟಿಯೋ ಎಂದು ಪ್ರತಿ ಸಲ ಬರೆಸಿಕೊಳ್ಳಿ. ಫಿಲ್ಮನ್ನು ನೆರಳಲ್ಲಿ ಇಡಿ. ಸಿಡಿ ಕೊಡುವಂತಿದ್ದರೆ ಕೇಳಿ ತೆಗೆದುಕೊಳ್ಳಿ. ವೈದ್ಯರನ್ನು ಹೀಗೆ ಕೇಳಿ: ಇದರಿಂದ ಚಿಕಿತ್ಸೆ ಬದಲಾಗುತ್ತದೆಯೇ? ಹಳೆಯ ಚಿತ್ರ ಸಾಕಾಗುತ್ತದೆಯೇ? ಅಲ್ಟ್ರಾಸೌಂಡ್‌ನಲ್ಲಿ ತಿಳಿಯುತ್ತದೆಯೇ? ಕೇಳುವುದು ಅವಿಧೇಯತೆ ಅಲ್ಲ. ಹಾಗೆಯೇ, ವೈದ್ಯರು ಬೇಡ ಎಂದಾಗ ಸ್ಕ್ಯಾನ್ ಮಾಡಿಸಲೇಬೇಕೆಂದು ಒತ್ತಾಯಿಸಬೇಡಿ.

ವೈದ್ಯ ಮಿತ್ರರೆ, ಚೀಟಿಯಲ್ಲಿ ಬರೀ ಭಾಗದ ಹೆಸರು ಬರೆಯಬೇಡಿ, ಪ್ರಶ್ನೆಯನ್ನೂ ಬರೆಯಿರಿ. ಮಗುವನ್ನು ಮುಂದಕ್ಕೆ ಕಳಿಸುವಾಗ ಚಿತ್ರವನ್ನೂ ಕಳಿಸಿ. ಬಂದ ಚಿತ್ರ ಓದಲು ಬರುವಂತಿದ್ದರೆ ಬೇರೆಯವರ ಮನೆಯದೆಂದು ಬದಿಗಿಡಬೇಡಿ. ಸೆಂಟರುಗಳ ಮಾಲೀಕರೆ, ಮಕ್ಕಳ ತೂಕಕ್ಕೆ ತಕ್ಕ ಸೆಟ್ಟಿಂಗಿನ ಪಟ್ಟಿಯನ್ನು ಯಂತ್ರದ ಪಕ್ಕದ ಗೋಡೆಗೆ ಅಂಟಿಸಿ.

ಸರಕಾರಕ್ಕೂ ಒಂದು ಕೋರಿಕೆ. 2021ರಲ್ಲಿ ಆರಂಭವಾದ ಆಯುಷ್ಮಾನ್ ಭಾರತ್ ಡಿಜಿಟಲ್ ಮಿಷನ್‌ನಲ್ಲಿ ಪ್ರತಿ ನಾಗರಿಕನಿಗೂ ಆರೋಗ್ಯ ಸಂಖ್ಯೆ ಸಿಗುತ್ತಿದೆ. ಸಿರುಗುಪ್ಪ, ಕುರುಗೋಡಿನ ಸರಕಾರಿ ಆಸ್ಪತ್ರೆಗಳ ಚಿತ್ರ ಅದೇ ಗಳಿಗೆಯಲ್ಲಿ ಬಳ್ಳಾರಿಯ ವೈದ್ಯಕೀಯ ಕಾಲೇಜಿನ ಪರದೆಯ ಮೇಲೆ ಕಾಣುವಂತೆ ಮೊದಲು ಈ ಮೂರು ಊರುಗಳನ್ನು ಜೋಡಿಸಿ. ಇದು ಇಲ್ಲಿ ಸಾಧ್ಯವಾದರೆ ಕಲ್ಯಾಣ ಕರ್ನಾಟಕದ ಬೇರೆ ಜಿಲ್ಲೆಗಳಿಗೂ ದಾರಿ ತೆರೆಯುತ್ತದೆ.

ಈ ಕೆಲಸದ ಫಲ ನಮ್ಮ ಕಣ್ಣಿಗೆ ಕಾಣುವುದಿಲ್ಲ. ಬಾರದೆ ಹೋದ ಕ್ಯಾನ್ಸರನ್ನು ಯಾವ ಮಗುವಿನ ಹೆಸರಿನಲ್ಲೂ ಬರೆಯಲಾಗದು. ಲಸಿಕೆಯಲ್ಲೂ ಶುದ್ಧ ನೀರಿನಲ್ಲೂ ನಾವು ಇದೇ ನಂಬಿಕೆಯಿಂದ ದುಡಿದಿದ್ದೇವೆ, ಇಲ್ಲಿಯೂ ದುಡಿಯೋಣ. ಇಂದು ಸಭೆಯಿಂದ ಎದ್ದ ಮೇಲೆ ಬಾಗಿಲ ಬಳಿ ಇಟ್ಟಿರುವ ದಾಖಲೆ ಹಾಳೆಗಳನ್ನು ದಯವಿಟ್ಟು ತೆಗೆದುಕೊಂಡು ಹೋಗಿ. ನಿಮ್ಮ ಮನೆಯ ಮಗುವಿನ ಹೆಸರು ಬರೆಯಿರಿ, ನೆರೆಮನೆಗೂ ಒಂದು ಕೊಡಿ.